10,000 ಆರ್‌ಪಿಎಂ ಮೋಟರಿಗೆ ಯಾವ ಫ್ಲೈವೀಲ್: ಬೀಡೋ, ಉಕ್ಕೋ, ಅಲ್ಯೂಮಿನಿಯಮ್ಮೋ?

ಫ್ಲೈವೀಲ್ ಅಂದರೆ ತಿರುಗುತ್ತಾ ಶಕ್ತಿಯನ್ನು ಕೂಡಿಡುವ ಭಾರದ ಚಕ್ರ. ಮಂಗಳೂರಿನ ಬೈಕಂಪಾಡಿ ಕಡೆ ಗುಜರಿಯಲ್ಲಿ ಬೀಡು ಕಬ್ಬಿಣದ ಚಕ್ರ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಸಿಕ್ಕಿಸಬೇಡಿ ಮಾರಾಯ್ರೇ. 100 ಮಿಲಿಮೀಟರ್ ವ್ಯಾಸದ ಚಕ್ರ 10,000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 10,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 52 ಮೀಟರ್ ಓಡುತ್ತದೆ, ಬೀಡಿಗೋ ಸಾಮಾನ್ಯವಾಗಿ 30ರ ಆಸುಪಾಸಿನಲ್ಲೇ ಮಿತಿ ಹಾಕುತ್ತಾರೆ. ಎರಕದ ಒಳಗೆ ಗುಳ್ಳೆ ಇದ್ದರೆ ಕಣ್ಣಿಗೆ ಕಾಣೋದೂ ಇಲ್ಲ. ಅದು ಬಾಗಲ್ಲ, ಸೀದಾ ಸಿಡಿಯುತ್ತದೆ.

ನನ್ನ ಆಯ್ಕೆ ಉಕ್ಕು. ಗಟ್ಟಿ ಸರಳಿನಿಂದ ಲೇತ್‌ನಲ್ಲಿ ಕಡೆದ ಇಡೀ ಬಿಲ್ಲೆ, ನಡುವೆ ಕಡ್ಡಿಗಳು (ಸ್ಪೋಕ್) ಇಲ್ಲದ್ದು. ತೂಕವೂ ಸಿಗುತ್ತದೆ, ಮುರಿಯುವ ಮೊದಲು ಎಳೆದಷ್ಟು ಹಿಗ್ಗುವ ಗುಣವೂ ಇದೆ. ಆದರೆ ಶಾಫ್ಟಿಗೆ ಒಂದೇ ಸ್ಕ್ರೂ ಬಿಗಿದು ಸುಮ್ನೆ ಬಿಡಬೇಡಿ, ಟೇಪರ್ ಹಬ್ (ಶಾಫ್ಟನ್ನು ಸುತ್ತಲೂ ಬಿಗಿಯಾಗಿ ಹಿಡಿಯುವ ಓರೆ ಹಿಡಿಕೆ) ಹಾಕಿಸಿ, ಬ್ಯಾಲೆನ್ಸ್ ಮಾಡಿಸಿ.

ಅಲ್ಯೂಮಿನಿಯಂ? ಹಗುರ, ಬೇರಿಂಗಿಗೆ ಹಿತ. ಅದೇ ಅಳತೆಗೆ, ಅದೇ ವೇಗಕ್ಕೆ ಕೂಡಿಡುವ ಶಕ್ತಿ ಮಾತ್ರ ಉಕ್ಕಿನ ಮೂರನೇ ಒಂದು ಭಾಗ. ವೇಗ ಹೆಚ್ಚಿಸಿ ಸರಿದೂಗಿಸೋಣ ಅಂದರೆ, ವೇಗ ಎರಡು ಪಟ್ಟಾದಾಗ ಶಕ್ತಿಯ ಜೊತೆ ಒಳಗಿನ ಎಳೆತವೂ ನಾಲ್ಕು ಪಟ್ಟಾಗುತ್ತದೆ ಅಲ್ವಾ!

ಯಾವುದೇ ಆಗಲಿ, ದಪ್ಪ ಉಕ್ಕಿನ ಕವಚ ಬೇಕೇ ಬೇಕು. ಮೊದಲ ಸಲ ಓಡಿಸುವಾಗ ಚಕ್ರದ ಅಂಚಿನ ನೇರಕ್ಕೆ ನಿಲ್ಲಬೇಡಿ, ಸ್ವಿಚ್ಚನ್ನು ಗೋಡೆಯಾಚೆ ಇಡಿ.