ಕಾಟ್ಲಾನೋ, ರೋಹುನೋ, ಬೆರಕೆಯೋ? ನಾನು ನೋಡಿದ ಗುರುತುಗಳು

ಸಿಂಧನೂರು ಕಡೆಯ ನಮ್ಮ ಹೊಲದ ಹೊಂಡಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ತುಂಬಿಸಿ ಎರಡು ಸಲ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿದ್ದೇನೆ. ಎರಡನೇ ಸಲ ಬಲೆ ಎಳೆದಾಗ ಕೆಲವು ಮೀನು ಕಾಟ್ಲಾ ಅನ್ನಲೂ ಆಗದೆ ರೋಹು ಅನ್ನಲೂ ಆಗದೆ ಕಂಡವು. ಬೆರಕೆ. ಈ ಗೆಂಡೆಗಳು ಹೊಳೆಗೆ ಮಳೆಗಾಲದ ಹೊಸ ನೀರು ಬಂದಾಗ ಮೊಟ್ಟೆ ಇಡುವಂಥವು, ಹೊಂಡದ ನಿಂತ ನೀರಲ್ಲಿ ಇಡುವುದಿಲ್ಲ. ಅಂದಮೇಲೆ ಬೆರಕೆ ಮರಿಯ ಚೀಲದಲ್ಲೇ ಬಂದದ್ದು. 1957ರಲ್ಲಿ ಒಡಿಶಾದಲ್ಲಿ ಪಿಟ್ಯುಟರಿ (ಮೀನಿನ ಮೆದುಳಿನ ಬುಡದ ಗ್ರಂಥಿ) ರಸ ಚುಚ್ಚಿ ಈ ಮೀನುಗಳಿಂದ ಮೊಟ್ಟೆ ಇಡಿಸಿದರಲ್ಲ, ಮರಿ ಕೇಂದ್ರಗಳು ಇವತ್ತಿಗೂ ನಡೆಯುವುದು ಹಾಗೆ ಚುಚ್ಚಿ ಮೊಟ್ಟೆ ಇಡಿಸುವ ದಾರಿಯಲ್ಲೇ, ಈಗ ಹೆಚ್ಚಾಗಿ ತಯಾರಿಸಿದ ಹಾರ್ಮೋನು ಚುಚ್ಚುತ್ತಾರೆ ಅಷ್ಟೆ. ಒಂದೇ ತೊಟ್ಟಿಗೆ ಎರಡು ಜಾತಿಯ ತಾಯಿಮೀನು ಬಿಟ್ಟರೆ ಒಂದರ ಮೊಟ್ಟೆಗೆ ಇನ್ನೊಂದರ ವೀರ್ಯ ಸೇರಿಬಿಡುತ್ತದೆ.

ಮೊದಲು ನಂಬಿದ್ದು ತಲೆ ಮತ್ತು ಮೈಕಟ್ಟು. ಕಾಟ್ಲಾದ ತಲೆ ದೊಡ್ಡದು, ಮೈ ಅಗಲ. ರೋಹುವಿನ ತಲೆ ಚಿಕ್ಕದು, ಹುರುಪೆಗೆ ಕೆಂಪು ಛಾಯೆ. ಮೃಗಾಲ್ ಉದ್ದಕ್ಕೆ, ಬೆಳ್ಳಗೆ. ದಡದಲ್ಲಿ ನಿಂತು ಬೇಗ ಬೇಗ ಬೇರೆ ಮಾಡಲು ಇದು ಸಾಕು. ಬೆರಕೆಗೆ ಸಾಲದು. ಮೇವು ಸಿಗದೆ ಸೊರಗಿದ ಕಾಟ್ಲಾವನ್ನೇ ನಾನು ಬೆರಕೆ ಅಂದುಕೊಂಡು ಬೇರೆ ಬುಟ್ಟಿಗೆ ಹಾಕಿದ್ದೆ.

ಆಮೇಲೆ ಮೈಯ ಪಕ್ಕದಲ್ಲಿ ಉದ್ದಕ್ಕೆ ಸಾಗುವ ಗೆರೆಯ ಹುರುಪೆ ಎಣಿಸಿದೆ. ವ್ಯರ್ಥ. ಮೂರೂ ಜಾತಿಗೆ 40ರ ಆಸುಪಾಸೇ ಬರುತ್ತದೆ. ಎಣಿಸುವಷ್ಟರಲ್ಲಿ ಮೀನು ಸುಸ್ತಾಗುತ್ತದೆ.

ಬಲೆ ಎಳೆಯಲು ಬಂದಿದ್ದ ಹಿರಿಯರು ನನ್ನ ಒದ್ದಾಟ ನೋಡಿ, “ತಮ್ಮಾ, ಮೈ ನೋಡಬ್ಯಾಡ, ತುಟಿ ನೋಡು” ಅಂದರು. ಒದ್ದೆ ಟವೆಲ್ಲಿನಲ್ಲಿ ಮೀನು ಹಿಡಿದು, ಮೇಲ್ದುಟಿಯ ಮೇಲೆ ಹೆಬ್ಬೆರಳು ಆಡಿಸಿ ತೋರಿಸಿದರು. ರೋಹುವಿನ ಬಾಯಿ ಕೆಳಮುಖ, ತುಟಿ ದಪ್ಪ, ಅಂಚು ಸೀರೆಯ ಕುಚ್ಚಿನ ಹಾಗೆ ಜಾಲರುಜಾಲರು. ಬಾಯಿಯ ಮೂಲೆಯಲ್ಲಿ ನೂಲಿನೆಳೆಯಂಥ ಗಿಡ್ಡ ಮೀಸೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದುಕೊಳ್ಳುತ್ತದೆ, ಕೆಳದವಡೆ ಮುಂದೆ, ಮೀಸೆ ಇಲ್ಲವೇ ಇಲ್ಲ. ನೀರಿನ ಮೇಲ್ಪದರದಲ್ಲಿ ಮೇಯುವ ಮೀನಿಗೆ ಆ ಬಾಯಿಯೇ ಸರಿ. ಮೃಗಾಲ್ ತಳದಲ್ಲಿ ಮೇಯುತ್ತದೆ. ಮೂತಿ ಮೊಂಡು, ತುಟಿಗೆ ಜಾಲರಿಲ್ಲ. ನನ್ನ ಬೆರಕೆ ಮೀನಿನ ಬಾಯಿ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ನೇರ ಮುಂದಕ್ಕೆ. ತುಟಿಯಲ್ಲಿ ಬೆರಳಿಗೆ ಹತ್ತಿಯೂ ಹತ್ತದಂಥ ತೆಳು ಜಾಲರು. ತಲೆ ಕಾಟ್ಲಾದ್ದಕ್ಕಿಂತ ಚಿಕ್ಕದು, ರೋಹುವಿನದ್ದಕ್ಕಿಂತ ದೊಡ್ಡದು. ಬಾಯಿ, ತುಟಿ, ತಲೆ ಮೂರೂ ಹೀಗೆ ನಡುವೆ ನಿಂತರೆ ಮಾತ್ರ ನಾನು ಈಗ ಬೆರಕೆ ಅನ್ನುತ್ತೇನೆ.

ಅಡುಗೆಗೆ ಕೊಯ್ದಾಗ ಕಿವಿರು ಮುಚ್ಚಳ ಎತ್ತಿಯೂ ನೋಡಿದೆ. ಕಾಟ್ಲಾದ ಕಿವಿರಿನ ಹಲ್ಲುಗಳು ಹೇನಿನ ಬಾಚಣಿಕೆಯಂತೆ ಉದ್ದ, ಒತ್ತೊತ್ತು. ರೋಹುವಿನವು ಗಿಡ್ಡ. ಗುರುತು ಚೆನ್ನಾಗಿಯೇ ಸಿಗುತ್ತದೆ, ಆದರೆ ಬದುಕಿರುವ ಮೀನಿಗೆ ಇದು ಬೇಡ.

ತಿನ್ನಲು ಬೆರಕೆ ಕೆಟ್ಟದ್ದೇನಲ್ಲ. ಕಾಟ್ಲಾಕ್ಕಿಂತ ತಲೆ ಚಿಕ್ಕದಾದ್ದರಿಂದ ಮಾಂಸ ಜಾಸ್ತಿ. ಆದರೆ ಆರ್‌.ಎಚ್‌. ಕ್ಯಾಂಪಿನ (ನಮ್ಮ ಕಡೆಯ ನಿರಾಶ್ರಿತರ ಪುನರ್ವಸತಿ ಊರು) ಬಂಗಾಳಿ ಗಿರಾಕಿಗಳಿಗೆ ರೋಹು ಅಂತ ಹೇಳಿ ಅದನ್ನು ಕೊಡುವುದು ನನಗೆ ಒಪ್ಪಿಗೆಯಿಲ್ಲ. ತಾಯಿಮೀನಾಗಿ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ: ಈ ಬೆರಕೆ ಬಂಜೆಯಲ್ಲ, ಮರಿ ಹಾಕುತ್ತದೆ, ಮುಂದಿನ ಪೀಳಿಗೆಯಲ್ಲಿ ತುಟಿ ಮುಟ್ಟಿ ನೋಡಿದರೂ ಗುರುತು ಹತ್ತುವುದಿಲ್ಲ. ಈ ಸಲ ಮರಿ ತರುವಾಗ ಪ್ರತಿ ಜಾತಿಯನ್ನೂ ಬೇರೆ ಚೀಲದಲ್ಲೇ ಕಟ್ಟಿಸಿಕೊಂಡು ಬಂದೆ.