‘ಸಹಾಯಧನ’ ಎಂದು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಎಚ್ಚರ

ಕಾರ್ಖಾನೆಗಳಲ್ಲಿ, ಅದರಲ್ಲೂ ಕಾಂಟ್ರಾಕ್ಟರ್ ಮೂಲಕ ಸೇರಿ ಯಂತ್ರದ ಮುಂದೆ ನಿಲ್ಲುವವರು ಇದನ್ನು ದಯವಿಟ್ಟು ಪೂರ್ತಿ ಓದಬೇಕು. ಅಪಘಾತವಾದ ಮೇಲೆ ಹಣ ಹಿಡಿದುಕೊಂಡು ಆಸ್ಪತ್ರೆಗೆ ಬರುವವರು ಯಾವ ಕಾಗದವನ್ನೇ ಮುಂದಿಟ್ಟರೂ, ಅದಕ್ಕೆ ಯಾವ ಹೆಸರನ್ನೇ ಹೇಳಿದರೂ, ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ. ನನ್ನಿಂದ ಒತ್ತಿಸಿಕೊಂಡರು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಐಟಿಐ ಮುಗಿಸಿ, ಡ್ರಾಯಿಂಗ್ ನೋಡಿ ಯಂತ್ರಕ್ಕೆ ಡೈ (ಅಚ್ಚು) ಕೂರಿಸುವ ನನ್ನ ಹೆಬ್ಬೆಟ್ಟಿನ ಗುರುತಿರುವ ಕಾಗದವೊಂದು ಇವತ್ತು ಅವರ ಫೈಲಿನಲ್ಲಿದೆ.

ಪವರ್ ಪ್ರೆಸ್‌ನಲ್ಲಿ ದುಡಿದವರಿಗೆ ಏನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೈ ಒಳಗೆ ಹೋಗದಂತೆ ತಡೆಯುವ ಗಾರ್ಡ್ ಏರಿ ಇಳಿಯುತ್ತಿದ್ದರೆ ಗಂಟೆಗೆ ಬೀಳುವ ಪೀಸುಗಳು ಕಡಿಮೆಯಾಗುತ್ತವೆ ಎಂದು, ನಾನು ಸೇರುವ ಮೊದಲೇ ಅದನ್ನು ಬೈಂಡಿಂಗ್ ವೈರಿನಿಂದ ಮೇಲಕ್ಕೆ ಬಿಗಿದು ಕಟ್ಟಿದ್ದರು. ಆ ವೈರಿನ ಸುತ್ತುಗಳ ನಡುವೆ ಎಣ್ಣೆ, ಧೂಳು ಕೂಡಿ ಹೆಪ್ಪುಗಟ್ಟಿ, ಅದು ಯಂತ್ರದ್ದೇ ಒಂದು ಭಾಗದಂತೆ ಕಾಣುತ್ತಿತ್ತು. ಕ್ಲಚ್ ಸರಿಯಾಗಿ ಹಿಡಿಯುತ್ತಿಲ್ಲವೆಂದು ಹಿಂದಿನ ಶಿಫ್ಟಿನವರೂ ಹೇಳಿದ್ದರು. ಪೆಡಲ್ ಒತ್ತದಿದ್ದರೂ, ಮೇಲಿಂದ ಬಡಿಯುವ ರ‍್ಯಾಮ್ ಇನ್ನೊಮ್ಮೆ ಇಳಿಯಿತು. ಬಲಗೈಯ ತೋರುಬೆರಳು ಮತ್ತು ನಡುಬೆರಳು ಬುಡದಿಂದಲೇ ಹೋದವು.

ಆಸ್ಪತ್ರೆಗೆ ಕರೆದೊಯ್ದವರು ಸೂಪರ್‌ವೈಸರ್. ದಾಖಲಾತಿಯ ವಿವರಗಳನ್ನೆಲ್ಲ ಅವರೇ ಹೇಳಿ ಬರೆಸಿದರು. ‘ಏನೂ ಯೋಚ್ನೆ ಮಾಡ್ಬೇಡಪ್ಪ, ನಾವಿದ್ದೀವಿ, ಎಲ್ಲಾ ಕಂಪನಿ ನೋಡ್ಕೊಳ್ಳುತ್ತೆ’ ಎಂದು ನನ್ನ ಹೆಂಡತಿಗೂ ಹೇಳಿದರು. ಕೇಸ್ ಶೀಟಿನಲ್ಲಿ ಅವರು ಬರೆಸಿದ್ದು ‘ಬೈಕಿನ ಚೈನಿಗೆ ಬೆರಳು ಸಿಕ್ಕಿ ಗಾಯ’ ಎಂದು. ನನ್ನ ಬಳಿ ಬೈಕೇ ಇಲ್ಲ. ಇದು ನನಗೆ ತಿಳಿದದ್ದು ಡಿಸ್ಚಾರ್ಜ್ ಸಮರಿ ಕೈಗೆ ಬಂದಾಗ, ಆಗಲೂ ಅದನ್ನು ಅವಸರದ ತಪ್ಪೆಂದೇ ಎಲ್ಲರೂ ಸಮಾಧಾನ ಹೇಳಿದರು. ಅದು ಅವಸರದ ತಪ್ಪಲ್ಲ. ಕಾರ್ಖಾನೆಯ ಅಪಘಾತವೆಂದು ಬರೆದಿದ್ದರೆ ಪೊಲೀಸರಿಗೆ, ಕಾನೂನಿನ ತನಿಖೆಗೆ ಬರುವ ಗಾಯವೆಂದು, ಎಂಎಲ್‌ಸಿ ಮಾಹಿತಿ ಹೋಗಬೇಕಾಗಿತ್ತು, ಕಾರ್ಖಾನೆಗಳ ಇಲಾಖೆಗೂ ವರದಿ ಹೋಗಬೇಕಾಗಿತ್ತು.

ಇನ್ನು ಆ ಕಾಗದದ ವಿಷಯ. ಶಸ್ತ್ರಚಿಕಿತ್ಸೆಯ ಮಂಪರು ಪೂರ್ತಿ ಇಳಿಯುವ ಮುನ್ನವೇ ಕಾಂಟ್ರಾಕ್ಟರ್ ಬಂದು, ಹಾಸಿಗೆಯ ಅಂಚಿನಲ್ಲಿ ಕುಳಿತು, 40,000 ರೂಪಾಯಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು. ಆಮೇಲೆ ಮಡಚಿದ್ದ ಕಾಗದವೊಂದನ್ನು ತೆಗೆದು, ಮಡಿಕೆಯನ್ನು ಬಿಚ್ಚದೆ, ರೆವಿನ್ಯೂ ಸ್ಟಾಂಪ್ ಅಂಟಿಸಿದ್ದ ಕೆಳಭಾಗವನ್ನಷ್ಟೇ ನನ್ನತ್ತ ತಿರುಗಿಸಿ, ‘ಇದು ಸಹಾಯಧನ ಮುಟ್ಟಿದ್ದಕ್ಕೆ ವೋಚರ್, ಅಕೌಂಟ್ಸ್‌ನವರು ಕೇಳ್ತಾರೆ’ ಎಂದರು. ಬಲಗೈಗೆ ಬ್ಯಾಂಡೇಜ್ ಇದೆ, ಸಹಿ ಆಗುವುದಿಲ್ಲ ಎಂದೆ. ಜೇಬಿನಿಂದ ಇಂಕ್ ಪ್ಯಾಡ್ ತೆಗೆದರು. ಇಂಕ್ ಪ್ಯಾಡ್ ಜೇಬಿನಲ್ಲೇ ಇತ್ತು! ರೋಗಿಯನ್ನು ನೋಡಲು ಬರುವವನು ಹಣ್ಣು ತರುತ್ತಾನೆ, ಇಂಕ್ ಪ್ಯಾಡ್ ತರುವುದಿಲ್ಲ. ಎಡಗೈಯ ಹೆಬ್ಬೆರಳನ್ನು ಅವರೇ ಹಿಡಿದು ಒತ್ತಿಸಿಕೊಂಡು, ಕಾಗದವನ್ನು ಮೊದಲಿನಂತೆಯೇ ಮಡಚಿ ಇಟ್ಟುಕೊಂಡರು.

ಗಾಯ ಒಣಗಿದ ಮೇಲೆ ಪರಿಹಾರದ ಮಾತೆತ್ತಿದಾಗ ಆ ಮಡಿಕೆ ಬಿಚ್ಚಿಕೊಂಡಿತು. ‘ಪೂರ್ಣ ಮತ್ತು ಅಂತಿಮ ಪರಿಹಾರವನ್ನು ಪಡೆದಿರುತ್ತೇನೆ, ಮುಂದೆ ಯಾವುದೇ ಹಕ್ಕು, ತಕರಾರು ಇರುವುದಿಲ್ಲ’ ಎಂದು ಮೇಲ್ಭಾಗದಲ್ಲಿ ಟೈಪ್ ಮಾಡಿತ್ತು. ಕಾಂಟ್ರಾಕ್ಟರ್ ಹೇಳಿದ್ದು ಇಷ್ಟೇ: ‘ಹೆಬ್ಬೆಟ್ಟು ನಿಮ್ದು ತಾನೆ? ಆಸ್ಪತ್ರೆ ಬಿಲ್ ಕಟ್ಟಿದೀನಿ, ಕೈಗೆ ದುಡ್ಡು ಕೊಟ್ಟಿದೀನಿ, ನಾನೇನು ನಿಮ್ಮನ್ನ ಬೀದಿಗೆ ಬಿಟ್ನಾ?’ ಕಂಪನಿಯ ಎಚ್‌ಆರ್ ಅಧಿಕಾರಿಯದು ಇನ್ನೂ ನಯವಾದ ಉತ್ತರ: ‘ನೋಡಿ, ನಿಮ್ಮ ಬಗ್ಗೆ ಬೇಜಾರಿದೆ, ಆದ್ರೆ ನೀವು ನಮ್ಮ ರೋಲ್‌ನಲ್ಲಿಲ್ಲ.’ ಯಂತ್ರ ಅವರದು, ಡೈ ಅವರದು, ಗಾರ್ಡ್ ಕಟ್ಟಿಸಿದವರು ಅವರು, ಬೆರಳು ಮಾತ್ರ ಅವರ ರೋಲ್‌ನಲ್ಲಿಲ್ಲ. ಪಟ್ಟು ಹಿಡಿದಾಗ ಮಾತು ತಿರುಗಿತು: ‘ಗಾರ್ಡ್ ತೆಗೆದವರು ನೀವೇ ಅಂತ ನಾವು ಹೇಳ್ಬೇಕಾಗುತ್ತೆ.’

ನನ್ನ ಅಪಘಾತಕ್ಕೆ ಅನ್ವಯಿಸುವುದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ. ಅದರ ವಿಷಯವನ್ನು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. 1923ರ ಕಾಯ್ದೆಯಡಿ ಇರುವ ಪರಿಹಾರದ ಹಕ್ಕಿನ ಬಗ್ಗೆ, ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ, ನೌಕರನಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತವಾಗಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳುತ್ತದೆ. ನಮಗೆ ಕೊಟ್ಟದ್ದು ಗೇಟ್ ಪಾಸ್ ಒಂದೇ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಯಾವ ಒಪ್ಪಂದವೂ ಆ ಕಾಯ್ದೆಯ 17ನೇ ಕಲಮಿನ ಪ್ರಕಾರ ಊರ್ಜಿತವಲ್ಲ. ಒಪ್ಪಂದವಾಗಿದ್ದರೆ ಅದನ್ನು ಪರಿಹಾರದ ಕೇಸುಗಳನ್ನು ತೀರ್ಮಾನಿಸುವ ಆಯುಕ್ತರ ಬಳಿ ನೋಂದಾಯಿಸಬೇಕು; ನೋಂದಾಯಿಸದಿದ್ದರೆ ಮಾಲೀಕರು ಪೂರ್ತಿ ಮೊತ್ತಕ್ಕೆ ಹೊಣೆ, ಮತ್ತು ಆಯುಕ್ತರು ಬೇರೆ ರೀತಿ ಆದೇಶಿಸದ ಹೊರತು, ಕೊಟ್ಟಿರುವುದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆಯುವಂತಿಲ್ಲ. ಕಾಂಟ್ರಾಕ್ಟರ್ ನಡುವೆ ಇದ್ದಾನೆಂದು ಮೂಲ ಮಾಲೀಕರು ಜಾರಿಕೊಳ್ಳುವಂತಿಲ್ಲ, ಅದಕ್ಕೆ 12ನೇ ಕಲಮಿದೆ. ಚಿಕಿತ್ಸೆಯ ವೆಚ್ಚ ಬೇರೆ, ಪರಿಹಾರ ಬೇರೆ. ಆಸ್ಪತ್ರೆಯ ಬಿಲ್ಲನ್ನು ಪರಿಹಾರದ ಲೆಕ್ಕಕ್ಕೆ ಸೇರಿಸಿ ಹೇಳುವುದು ಬರೀ ಬಾಯಿ ಮುಚ್ಚಿಸುವ ತಂತ್ರ.

ನನ್ನ ಸಂಬಳ 21,000 ರೂಪಾಯಿ ದಾಟಿದ್ದರಿಂದ ನಾನು ಕಾರ್ಮಿಕರ ರಾಜ್ಯ ವಿಮೆಯಾದ ಇಎಸ್‌ಐ ಹೊರಗಿದ್ದೆ. ಇಎಸ್‌ಐ ಇರುವವರ ದಾರಿ ಬೇರೆ, ಅವರು ಪರಿಹಾರವನ್ನು ಅಲ್ಲೇ ಕೇಳಬೇಕು. ನನ್ನ ಲೆಕ್ಕಕ್ಕೆ, ಸಂಬಳ ಎಷ್ಟೇ ಇದ್ದರೂ, 2020ರ ಜನವರಿಯಿಂದ ಹಿಡಿಯುವ ಮಿತಿ 15,000. ಅದರ ಶೇಕಡಾ 60 ಎಂದರೆ 9,000. 35 ವರ್ಷದವನಿಗೆ ಕಾಯ್ದೆಯ ಪಟ್ಟಿಯಲ್ಲಿರುವ ಗುಣಕ 197.06, ಒಂದು ಕೈಯ ಎರಡು ಬೆರಳು ಹೋದರೆ ಗಳಿಕೆಯ ಶಕ್ತಿಯ ನಷ್ಟ ಶೇಕಡಾ 20. ಗುಣಿಸಿದರೆ 3,54,708 ರೂಪಾಯಿ. ನನ್ನ ಹೆಂಡತಿಯ ಕೈಗೆ ಬಂದದ್ದು 40,000. ಈ ಲೆಕ್ಕ ಕಾಂಟ್ರಾಕ್ಟರಿಗೆ ಗೊತ್ತಿರಲಿಲ್ಲವೆಂದು ನಾನು ನಂಬುವುದಿಲ್ಲ. ಗೊತ್ತಿದ್ದದ್ದರಿಂದಲೇ ಇಂಕ್ ಪ್ಯಾಡ್ ಜೇಬಿನಲ್ಲಿತ್ತು.

ಆಸ್ಪತ್ರೆಯಲ್ಲಿ ಗಾಯದ ಕಾರಣವನ್ನು ನಿಮ್ಮ ಮನೆಯವರೇ ಹೇಳಿ ಬರೆಸಲಿ, ಬರೆದದ್ದನ್ನು ಓದಿಸಿ ಕೇಳಲಿ. ಯಂತ್ರವನ್ನು ಸರಿಮಾಡುವ ಮುನ್ನ ಯಾರಿಂದಲಾದರೂ ಫೋಟೊ ತೆಗೆಸಿ. ಆ ವೈರಿನ ಫೋಟೊ ನನ್ನ ಜೊತೆಗಾರನ ಮೊಬೈಲಿನಲ್ಲಿ ಇರದಿದ್ದರೆ ಗಾರ್ಡ್ ತೆಗೆದವನು ನಾನೇ ಎಂದಾಗಿಬಿಡುತ್ತಿತ್ತು, ಏಕೆಂದರೆ ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಆ ಪ್ರೆಸ್ಸಿಗೆ ಹೊಸ ಗಾರ್ಡ್ ಬಂದು, ಹಳದಿ ಬಣ್ಣ ಬಳಿದಾಗಿತ್ತು. ಕ್ಲೇಮಿಗೆ ಅಪಘಾತದಿಂದ ಎರಡು ವರ್ಷ ಕಾಲಾವಕಾಶವಿದೆ. ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತಿಗೆ ಅದನ್ನು ಕಳೆದುಕೊಳ್ಳಬೇಡಿ, ಅವರು ಕಾಯುವುದೂ ಅದಕ್ಕೇ.

ನಾನು ಆಯುಕ್ತರ ಮುಂದೆ ಅರ್ಜಿ ಹಾಕಿದ್ದೇನೆ. ಇಬ್ಬರಿಗೂ ನೋಟಿಸ್ ಹೋಗಿದೆ. ಅವರ ಲಿಖಿತ ಉತ್ತರದಲ್ಲಿ ಒಂದು ಕಡೆ ಗಾಯ ಬೈಕಿನ ಚೈನಿನಿಂದ ಆದದ್ದೆಂದೂ, ಮುಂದಿನ ಪುಟದಲ್ಲಿ ನಾನೇ ಗಾರ್ಡ್ ತೆಗೆದು ಪ್ರೆಸ್ ನಡೆಸಿದ್ದೆಂದೂ ಇದೆ. ನಮ್ಮ ವಕೀಲರು ಎರಡೂ ಸಾಲುಗಳ ಕೆಳಗೆ ಗೆರೆ ಎಳೆದಿಟ್ಟಿದ್ದಾರೆ. ಮೊನ್ನೆ ಕಾಂಟ್ರಾಕ್ಟರ್ ಫೋನ್ ಮಾಡಿ, ಕೇಸ್ ವಾಪಸ್ ತೆಗೆದುಕೊಂಡರೆ ಇನ್ನಷ್ಟು ಕೊಡಿಸುವುದಾಗಿ ಹೇಳಿದರು. ಕೊಡುವುದಿದ್ದರೆ ಆಯುಕ್ತರ ಬಳಿ ಠೇವಣಿ ಇಡಿ ಎಂದು ಹೇಳಿ ಫೋನ್ ಇಟ್ಟೆ.