ಬ್ಯಾಂಕಾಕಿನಲ್ಲಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟು, ವೀಸಾ: ಏಜೆಂಟ್ ಬೇಕಾ?

ಬೇಡ. ಜನನ ಪತ್ರದ ಅನುವಾದ, ಅದರ ಮುದ್ರೆ ಮಾಡಿಸಲು ನಾವು ಒಬ್ಬ ಏಜೆಂಟ್‌ಗೆ ಆರು ಸಾವಿರ ಬಾತ್ (ಥಾಯ್ ದುಡ್ಡು) ಕೊಟ್ಟು ಮೂರು ವಾರ ಕಳೆದುಕೊಂಡೆವು. ಆಮೇಲೆ ಅದೇ ಕೆಲಸವನ್ನು ಕೈಕೂಸು ಇಟ್ಟುಕೊಂಡು ನಾವೇ ಮಾಡಿದೆವು. ನಾಲ್ಕು ದಿನದಲ್ಲಿ ಮುಗಿಯಿತು. ಇಲ್ಲೇ ಹೆರಿಗೆ ಮಾಡಿಸಿಕೊಳ್ಳಬೇಕು ಅಂದುಕೊಂಡಿರುವ ನಮ್ಮ ಕಡೆಯ ಹೆಣ್ಣುಮಕ್ಕಳು ಈಗಾಗಲೇ ಇಬ್ಬರು ಮೂವರು ಇದನ್ನೇ ಕೇಳಿದರು. ಫೋನಿನಲ್ಲಿ ಅರ್ಧ ಹೇಳಿ ಅರ್ಧ ಮರೆಯುತ್ತೇನೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾವು ತುಮಕೂರಿನವರು. ನಮ್ಮ ಮನೆಯವರಿಗೆ ಬ್ಯಾಂಕಾಕಿನಲ್ಲಿ ಕೆಲಸ. ಅವರದು ನಾನ್-ಬಿ, ಅಂದರೆ ಕೆಲಸದ ವೀಸಾ, ನನ್ನದು ಅವರ ಹಿಂದೆ ನಾನ್-ಓ, ಅವಲಂಬಿತರದ್ದು. ಮನೆ ಫ್ರಾ ಖನೋಂಗ್ ಹತ್ತಿರ, ಹದಿನಾಲ್ಕನೇ ಮಹಡಿ. 2025ರ ಜನವರಿ 23ಕ್ಕೆ ಮಗಳು ಹುಟ್ಟಿದಳು. ಬಾಣಂತನಕ್ಕೆ ಅಮ್ಮ ಒಂಬತ್ತು ದಿನ ಮೊದಲೇ ಬಂದಿದ್ದರು. ಒಂದು ಸೂಟ್‌ಕೇಸ್ ತುಂಬ ಅಂಟು, ಒಣಶುಂಠಿ, ಓಮ, ಕೊಬ್ಬರಿ. ಭಾರತೀಯರಿಗೆ 2024ರ ಜುಲೈ 15ರಿಂದ ವೀಸಾ ಇಲ್ಲದೆ 60 ದಿನ ಇರಲು ಬಿಡುತ್ತಿದ್ದರು. ಅಮ್ಮನ ಪಾಸ್‌ಪೋರ್ಟಿಗೂ ಅದೇ ಸ್ಟಾಂಪು ಬಿತ್ತು. 60 ದಿನ ಮುಗಿಯುವುದರೊಳಗೆ ಮಗಳ ಪಾಸ್‌ಪೋರ್ಟ್ ಮಾಡಿಸಿ, ಎಲ್ಲರೂ ಒಟ್ಟಿಗೆ ಊರಿಗೆ ಹೋಗಿ ಯುಗಾದಿ ಮಾಡೋಣ ಅಂತ ಲೆಕ್ಕ ಹಾಕಿದ್ದೆವು.

ಮೊದಲ ತೊಡಕು ಆಸ್ಪತ್ರೆಯಲ್ಲೇ ಬಂತು. ಎರಡನೇ ದಿನ ನರ್ಸ್ ಬಂದು ಮಗುವಿನ ಹೆಸರು ಬರೆದುಕೊಡಿ ಅಂದರು. ಹನ್ನೊಂದನೇ ದಿನ ನಾಮಕರಣ ಆಗುವ ತನಕ ಹೆಸರು ಹೇಳಬಾರದು ಅಂತ ಅಮ್ಮ. ಇಲ್ಲಿ ಮಗು ಹುಟ್ಟಿದ 15 ದಿನದೊಳಗೆ ಜಿಲ್ಲಾ ಕಚೇರಿಯಲ್ಲಿ ನೋಂದಾಯಿಸಬೇಕು ಅಂತ ಕಾನೂನು. ಅದಕ್ಕೆ ‘ಖೇತ್’ ಅಂತಾರೆ. ಹನ್ನೊಂದಕ್ಕೂ ಹದಿನೈದಕ್ಕೂ ನಡುವೆ ಜಾಗ ಇದೆ, ಅಲ್ವಾ? ಆಸ್ಪತ್ರೆಯವರಿಂದ ಹೆರಿಗೆಯ ಪತ್ರ ಮಾತ್ರ ತಗೊಂಡು, ನೋಂದಣಿ ನಾವೇ ಮಾಡಿಸುತ್ತೇವೆ ಅಂದೆವು. ಭಾನುವಾರ ತೊಟ್ಟಿಲಿಗೆ ಹಾಕಿ ಹೆಸರಿಟ್ಟೆವು. ಮಂಗಳವಾರ, ಹದಿಮೂರನೇ ದಿನಕ್ಕೆ, ನಮ್ಮವರು ಖೇತ್‌ಗೆ ಹೋಗಿ ಜನನ ಪತ್ರ ತಂದರು. ಅವತ್ತೇ ಕೈಗೆ ಕೊಟ್ಟರು.

ಆ ಪತ್ರ ಪೂರ್ತಿ ಥಾಯ್ ಭಾಷೆಯಲ್ಲಿರುತ್ತದೆ. ನಮ್ಮ ಗೋಳು ಶುರುವಾಗಿದ್ದು ಅಲ್ಲಿಂದ.

ಮಗಳ ಹೆಸರು ಇಲ್ಲಿ ಹಾಕುವುದಿಲ್ಲ. ‘ಗ’ ಅಕ್ಷರದಿಂದ ಶುರುವಾಗುತ್ತದೆ ಅಂತಿಟ್ಟುಕೊಳ್ಳಿ. ಥಾಯ್ ಅಕ್ಷರಮಾಲೆಯಲ್ಲೂ ನಮ್ಮ ಹಾಗೇ ಸಾಲು ಇದೆ. ಆದರೆ ನಮ್ಮ ‘ಗ’ ಇರುವ ಜಾಗದ ಅಕ್ಷರವನ್ನು ಅವರು ‘ಖ’ ಅಂತ ಓದುತ್ತಾರೆ. ನಮ್ಮ ನಗರ ಅವರ ಬಾಯಲ್ಲಿ ನಖೋನ್. ಹಾಗಾಗಿ ಮಗಳ ಹೆಸರನ್ನು ಥಾಯ್‌ನಲ್ಲಿ ಬರೆದು, ಅದನ್ನು ನೋಡಿಕೊಂಡು ಮತ್ತೆ ಇಂಗ್ಲಿಷಿಗೆ ಬರೆದರೆ ‘ಜಿ’ ಹೋಗಿ ‘ಕೆ’ ಬಂದು ಕೂರುತ್ತದೆ. ಇನ್ನೊಂದು, ಪತ್ರದಲ್ಲಿ ಇಸವಿ 2568 ಅಂತ ಇರುತ್ತದೆ. ಅದು ಬುದ್ಧ ಶಕ. 543 ಕಳೆದರೆ 2025. ನಮ್ಮ ರಾಯಭಾರ ಕಚೇರಿಯಲ್ಲಿ ಜನನ ನೋಂದಣಿಗೆ ಈ ಪತ್ರದ ಇಂಗ್ಲಿಷ್ ಅನುವಾದ ಬೇಕು. ಆ ಅನುವಾದಕ್ಕೆ ಥಾಯ್ ವಿದೇಶಾಂಗ ಇಲಾಖೆಯ ಮುದ್ರೆಯೂ ಬೇಕು.

ಬಾಣಂತಿ ಓಡಾಡಬಾರದು, ನಮ್ಮವರಿಗೆ ರಜೆ ಇಲ್ಲ ಅಂತ ಇದನ್ನು ಏಜೆಂಟ್‌ಗೆ ಕೊಟ್ಟೆವು. ಎರಡು ವಾರ ಅಂದವನು ಮೂರನೇ ವಾರ ಫೋನ್ ಎತ್ತುವುದನ್ನೇ ಬಿಟ್ಟ. ನಮ್ಮವರು ಅವನ ಆಫೀಸಿಗೇ ಹೋಗಿ ಕೂತಾಗ ಕಾಗದ ಡ್ರಾಯರಿನಿಂದ ಆಚೆ ಬಂತು. ಅನುವಾದದ ಮೇಲೆ ಕೆಂಪು ಶಾಯಿಯ ಗುರುತು. ಅವನು ಇಸವಿಯನ್ನು 2568 ಅಂತಲೇ ಬಿಟ್ಟಿದ್ದಾನೆ, ಸರಿ ಮಾಡಿಕೊಂಡು ಬನ್ನಿ ಅಂತ ಇಲಾಖೆಯವರು ವಾಪಸ್ ಕಳಿಸಿದ್ದಾರೆ. ಅದಾಗಿ ಹನ್ನೆರಡು ದಿನ ಕಳೆದಿದೆ. ನಮಗೆ ಒಂದು ಮಾತು ಹೇಳಿಲ್ಲ. ಮನೆಗೆ ತಂದ ಮೇಲೆ ನಾನು ನೋಡುತ್ತೇನೆ, ಮಗಳ ಹೆಸರು ‘ಕೆ’ಯಿಂದ ಶುರುವಾಗಿದೆ. ಅದನ್ನು ಯಾರೂ ಹಿಡಿದಿರಲಿಲ್ಲ. ಮುದ್ರೆ ಬಿದ್ದಿದ್ದರೆ ಪಾಸ್‌ಪೋರ್ಟಿಗೂ ಅದೇ ಹೋಗುತ್ತಿತ್ತೋ ಏನೋ. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಅತ್ತುಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಮಾರ್ಚ್ ಮೊದಲ ವಾರ ನಾವಿಬ್ಬರೇ ಹೊರಟೆವು. ಫ್ರಾ ಖನೋಂಗ್‌ನಿಂದ ಬಿಟಿಎಸ್ ರೈಲು ಹತ್ತಿ ವಾಟ್ ಫ್ರಾ ಶ್ರೀ ಮಹಾಥಾತ್‌ನಲ್ಲಿ ಇಳಿದು, ಅಲ್ಲಿಂದ ಪಿಂಕ್ ಲೈನ್. ಆ ಲೈನು ಚೇಂಗ್ ವತ್ತನಾ ರಸ್ತೆಯ ಮೇಲೇ ಹೋಗುತ್ತದೆ. ಮುದ್ರೆ ಹಾಕುವ ವಿದೇಶಾಂಗ ಇಲಾಖೆಯ ಕಾನ್ಸುಲರ್ ವಿಭಾಗ ಆ ರಸ್ತೆಯಲ್ಲೇ ಇರುವುದು. ಟ್ಯಾಕ್ಸಿಯಲ್ಲಿ ಹೋದರೆ ಟ್ರಾಫಿಕ್‌ನಲ್ಲೇ ಅರ್ಧ ದಿನ ಹೋಗುತ್ತದೆ, ರೈಲಿನಲ್ಲೇ ಹೋಗಿ.

ಕಚೇರಿಯ ಆಸುಪಾಸಿನಲ್ಲಿ ಅನುವಾದದ ಸಣ್ಣ ಅಂಗಡಿಗಳಿವೆ. ನಾವು ಹೋದದ್ದು ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮಷೀನ್ ಇರುವ ಅಂಗಡಿ. ನಡುವಯಸ್ಸಿನ ಹೆಂಗಸು. ನಾವು ಪತ್ರ ಚಾಚಿದರೆ ಅದನ್ನು ಮುಟ್ಟಲೇ ಇಲ್ಲ. ಮೊದಲು ನಿಮ್ಮಿಬ್ಬರ ಪಾಸ್‌ಪೋರ್ಟ್ ಕೊಡಿ ಅಂದರು. ಆಮೇಲೆ ಒಂದು ಬಿಳಿ ಹಾಳೆ, ಪೆನ್ನು ಕೊಟ್ಟು, ಮಗುವಿನ ಹೆಸರು ಇಂಗ್ಲಿಷಿನಲ್ಲಿ ಹೇಗೆ ಬರಬೇಕೋ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಅಂದರು. ಟೈಪ್ ಮಾಡಿ ಮುಗಿಸಿ ಸ್ಕ್ರೀನನ್ನೇ ನಮ್ಮ ಕಡೆ ತಿರುಗಿಸಿದರು. ಪೆನ್ನಿನ ತುದಿ ಇಟ್ಟು ಒಂದೊಂದೇ ಅಕ್ಷರ ತೋರಿಸಿದರು. ನಮ್ಮವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ನಮ್ಮಲ್ಲಿ ಎಷ್ಟೋ ಜನರದು ಹಾಗೇ ಅಲ್ವಾ. ಅದನ್ನು ಅವರೇ ಗಮನಿಸಿ, ಮಗುವಿಗೆ ಏನು ಹಾಕಲಿ ಅಂತ ಕೇಳಿದರು. ಮಗಳಿಗೆ ಅಪ್ಪನ ಹೆಸರೇ ಸರ್‌ನೇಮ್ ಅಂತ ಖೇತ್‌ನಲ್ಲಿ ಬರೆಸಿದ್ದೆವು, ಅದನ್ನೇ ಹಾಕಿಸಿದೆವು. ತಗೊಂಡದ್ದು 400 ಬಾತ್. ಐದಕ್ಕೆ ಐದು ಸ್ಟಾರ್ ಕೊಡುವುದಾದರೆ ಆ ಹೆಂಗಸಿಗೆ ಕೊಡಬೇಕು. ಇಂಗ್ಲಿಷ್ ಅವರಿಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ, ಆದರೆ ಕೆಲಸದ ಮೇಲೆ ನಿಗಾ ಅಂದರೆ ಅದು.

ಮುದ್ರೆಗೆ ಒಂದಕ್ಕೆ 200 ಬಾತ್, ಬೇಗ ಬೇಕಾದರೆ 400. ಈ ಸಲ ಕೆಂಪು ಗುರುತು ಒಂದೂ ಇರಲಿಲ್ಲ.

ಆಮೇಲಿನದು ಸುಖುಮ್ವಿತ್ ಸೋಯಿ 23ರಲ್ಲಿರುವ ನಮ್ಮ ರಾಯಭಾರ ಕಚೇರಿಯ ಕೆಲಸ. ಥಾಯ್ಲೆಂಡಿನಲ್ಲಿ ಹುಟ್ಟಿತು ಅಂತ ನಮ್ಮಂಥವರ ಮಕ್ಕಳಿಗೆ ಥಾಯ್ ಪೌರತ್ವ ಸಿಗುವುದಿಲ್ಲ. ಭಾರತದ ಪೌರತ್ವಕ್ಕೆ ಹುಟ್ಟಿದ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಅಂತ ಅಪ್ಪ ಅಮ್ಮ ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕಾಗುತ್ತದೆ, ಆ ಕಷ್ಟ ತಂದುಕೊಳ್ಳಬೇಡಿ. ನೋಂದಣಿ ಆದ ಮೇಲೆ ಪಾಸ್‌ಪೋರ್ಟ್ ಅರ್ಜಿ. ಅದರ ಜೊತೆ ಅನೆಕ್ಸರ್ ಡಿ, ಅಂದರೆ ಅಪ್ಪ ಅಮ್ಮ ಕೊಡುವ ಘೋಷಣಾ ಪತ್ರ, ಇಬ್ಬರೂ ಸಹಿ ಹಾಕಬೇಕು. ನನ್ನ ಪಾಸ್‌ಪೋರ್ಟ್ ಮದುವೆಗೆ ಮುಂಚಿನದು, ಗಂಡನ ಹೆಸರಿಲ್ಲ. ಮದುವೆ ಸರ್ಟಿಫಿಕೇಟ್ ಒಯ್ದಿದ್ದು ಒಳ್ಳೆಯದಾಯಿತು.

ಫೋಟೋ ತೆಗೆಸಿದ ದಿನ ಮರೆಯುವ ಹಾಗಿಲ್ಲ. ಆನ್ ನುಟ್‌ನ ಒಂದು ಸ್ಟುಡಿಯೋ. ಹುಡುಗ ಬಿಳಿ ಬಟ್ಟೆ ಹಾಸಿ ಮಗುವನ್ನು ಮಲಗಿಸಿದ. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ಬೇರೆಯವರ ಕೈ ಕಾಣಬಾರದು. ಅಮ್ಮ ಹಚ್ಚಿದ್ದ ದೃಷ್ಟಿ ಬೊಟ್ಟು ಕೆನ್ನೆ ಮೇಲೆ ನಾಲ್ಕಾಣೆ ಅಗಲ. ಅಳಿಸಬೇಕು ಅಂದದ್ದಕ್ಕೆ ಅಮ್ಮನ ಮುಖ ಸಣ್ಣದಾಯಿತು. ಎಣ್ಣೆ ಹಚ್ಚಿ, ಸೆರಗಿನ ತುದಿಯಿಂದ ತಾವೇ ಒರೆಸಿದರು. ಗೆಜ್ಜೆ ಹಿಡಿದು ಕ್ಯಾಮೆರಾದ ಹಿಂದೆ ನಿಂತು ಆಡಿಸಿದರು. ಹದಿನೇಳನೇ ಫೋಟೋಗೆ ಮಗು ಕಣ್ಣರಳಿಸಿ ನೋಡಿತು. ಹುಡುಗ ಸರಿಯಾಯಿತು ಅಂತ ಕೈ ಎತ್ತಿದ್ದೇ ತಡ, ಅಮ್ಮ ಪರ್ಸಿನಿಂದ ಕಾಡಿಗೆ ಡಬ್ಬಿ ತೆಗೆದು ಮೊದಲಿಗಿಂತ ದೊಡ್ಡ ಬೊಟ್ಟು ಇಟ್ಟರು.

ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿಸಬೇಕು. ಹೆಣ್ಣುಮಗುವಾದರೆ ಬಲಗೈದು. ಎಳೆ ಕೂಸು ಮುಷ್ಟಿ ಬಿಗಿ ಹಿಡಿದಿರುತ್ತದೆ, ಬಿಡಿಸಲು ಹೋದರೆ ಇನ್ನೂ ಬಿಗಿ. ಹಾಲು ಕುಡಿದು ನಿದ್ದೆ ಹತ್ತಿದ ಮೇಲೆ ಮಾಡಿ, ಬೆರಳು ತಾನಾಗೇ ಸಡಿಲ ಆಗುತ್ತದೆ. ಅರ್ಜಿಯ ಪ್ರಿಂಟ್ ಎರಡು ಮೂರು ಜಾಸ್ತಿ ಇಟ್ಟುಕೊಳ್ಳಿ. ನಮ್ಮದು ಎರಡು ಹಾಳೆ ಹಾಳಾಯಿತು. ಮೂರನೆಯದರಲ್ಲಿ ಒಂದು ಹೆಸರುಬೇಳೆಯಷ್ಟಗಲ ಗುರುತು ಚೆನ್ನಾಗಿ ಮೂಡಿತು.

ಇಷ್ಟೊತ್ತಿಗೆ ಅಮ್ಮನ 60 ದಿನ ಮುಗಿಯುತ್ತಾ ಬಂದಿತ್ತು. 1,900 ಬಾತ್ ಕಟ್ಟಿ ಇನ್ನು 30 ದಿನ ಹಾಕಿಸಿದೆವು. ಏಪ್ರಿಲ್ 13 ಅಮ್ಮನ ಕೊನೆಯ ದಿನ. ಅವತ್ತೇ ಸೋಂಗ್‌ಕ್ರಾನ್ ಹಬ್ಬ ಶುರು, ಕಚೇರಿಗಳು ಮುಚ್ಚುತ್ತವೆ. ಯುಗಾದಿಗೆ ಊರು ಸೇರುವ ಮಾತು ಬಿಟ್ಟೇಹೋಯಿತು.

ಮಾರ್ಚ್ 28, ಶುಕ್ರವಾರ ಮಧ್ಯಾಹ್ನ ಮ್ಯಾನ್ಮಾರ್‌ನಲ್ಲಿ ಆದ ಭೂಕಂಪ ಬ್ಯಾಂಕಾಕನ್ನೂ ಅಲ್ಲಾಡಿಸಿತು. ಹದಿನಾಲ್ಕನೇ ಮಹಡಿಯಲ್ಲಿ ತೊಟ್ಟಿಲು ತಾನಾಗಿ ತೂಗುತ್ತಿತ್ತು. ನಾನು ಮಗುವನ್ನು ಬಟ್ಟೆ ಸಮೇತ ಬಾಚಿಕೊಂಡೆ. ಮೆಟ್ಟಿಲು ಇಳಿದು ಕೆಳಗೆ ಬಂದು ನೋಡಿದರೆ, ಅಮ್ಮನ ಕಾಲಲ್ಲಿ ಚಪ್ಪಲಿ ಇಲ್ಲ, ಕಂಕುಳಲ್ಲಿ ಮಗುವಿನ ಕಾಗದದ ನೀಲಿ ಫೈಲ್ ಇದೆ. ‘ಇದು ಹೋದ್ರೆ ಮತ್ತೆ ಮೊದಲಿಂದ ಮಾಡ್ಬೇಕಲ್ಲೇ’ ಅಂದರು. ರೈಲು ನಿಂತಿತ್ತು, ನಮ್ಮವರು ಆಫೀಸಿನಿಂದ ನಡೆದೇ ಬಂದರು. ಎರಡು ದಿನಕ್ಕೆ ಯುಗಾದಿ. ಥಾಯ್ ಜನ ಬೇವಿನ ಚಿಗುರು, ಮೊಗ್ಗನ್ನು ಊಟಕ್ಕೆ ಬಳಸುತ್ತಾರೆ, ‘ಸದಾವ್’ ಅಂತ ಮಾರ್ಕೆಟ್‌ನಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಅದನ್ನೇ ತಂದು ಬೆಲ್ಲ ಕಲಸಿ, ಅಮ್ಮ ಮಗುವಿನ ತುಟಿಗೆ ಬೆರಳು ಮುಟ್ಟಿಸಿದರು.

ಏಪ್ರಿಲ್ 9ಕ್ಕೆ ಪಾಸ್‌ಪೋರ್ಟ್ ಬಂತು. ‘ಜಿ’ ಇದ್ದ ಕಡೆ ‘ಜಿ’ ಇತ್ತು. 11ಕ್ಕೆ ಹೊರಟೆವು. ಮಗಳ ಪಾಸ್‌ಪೋರ್ಟಿನಲ್ಲಿ ದೇಶದೊಳಗೆ ಬಂದ ಸ್ಟಾಂಪೇ ಇಲ್ಲವಲ್ಲ, ಅದಕ್ಕೆ ಏರ್‌ಪೋರ್ಟಿನಲ್ಲಿ ಜನನ ಪತ್ರ ಕೇಳಿದರು. ಮೂಲಪ್ರತಿ ಕೈಯಲ್ಲೇ ಇತ್ತು, ಇಪ್ಪತ್ತು ನಿಮಿಷದಲ್ಲಿ ಬಿಟ್ಟರು. ಅದನ್ನು ಲಗೇಜಿನಲ್ಲಿ ಹಾಕಬೇಡಿ.

ಮಗಳ ವೀಸಾವನ್ನು ಊರಿನಿಂದಲೇ ಹಾಕಿದೆವು. ಭಾರತದಲ್ಲಿ 2025ರ ಜನವರಿಯಿಂದ ಥಾಯ್ ವೀಸಾ ಆನ್‌ಲೈನ್ ಆಗಿದೆ. ಕರ್ನಾಟಕದವರ ಅರ್ಜಿ ಚೆನ್ನೈನಲ್ಲಿರುವ ಥಾಯ್ ಕಾನ್ಸುಲೇಟ್‌ಗೆ ಹೋಗುತ್ತದೆ. ಅವಲಂಬಿತರ ನಾನ್-ಓ, 90 ದಿನದ್ದು. ಅಪ್ಪನ ವರ್ಕ್ ಪರ್ಮಿಟ್, ವೀಸಾ ಪುಟ, ಕಂಪನಿಯ ಪತ್ರ, ನಮ್ಮಿಬ್ಬರ ಪಾಸ್‌ಪೋರ್ಟ್, ಅದೇ ಮುದ್ರೆ ಬಿದ್ದ ಅನುವಾದ. ಒಂದು ಸಲ ಕಂಪನಿ ಪತ್ರ ಸ್ಪಷ್ಟವಾಗಿಲ್ಲ ಅಂತ ಕೇಳಿದರು, ಮತ್ತೆ ಸ್ಕ್ಯಾನ್ ಮಾಡಿ ಹಾಕಿದೆವು. ವೀಸಾ ಇಮೇಲ್‌ನಲ್ಲಿ ಬಂತು. ಚೆನ್ನೈಗೆ ಹೋಗುವ ಕೆಲಸವೇ ಇಲ್ಲ. ಚಿಕ್ಕ ಮಗು ಇರುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಮಾಡಿದವರಿಗೇ ಗೊತ್ತು.

ಜೂನ್‌ನಲ್ಲಿ ವಾಪಸ್ ಬಂದೆವು. ಮೇ 1ರಿಂದ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ಕೂಸಿಗೂ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕಿದರೆ ಮುಚ್ಚಿಬಿಡಿ. 90 ದಿನ ಮುಗಿಯುವ ಮುಂಚೆ ಇಮಿಗ್ರೇಷನ್ ಕಚೇರಿಯಲ್ಲಿ 1,900 ಬಾತ್ ಕಟ್ಟಿ ಎಕ್ಸ್‌ಟೆನ್ಷನ್ ಹಾಕಿಸಿದೆವು. ಒಂದು ವರ್ಷ ಸಿಗುತ್ತದೆ ಅಂದುಕೊಂಡಿದ್ದೆ. ಆದರೆ ಮಗುವಿನ ತಾರೀಖು ಅಪ್ಪನ ತಾರೀಖಿನ ಹಿಂದೆ ಹೋಗುತ್ತದೆ. ನಮ್ಮವರದು ಫೆಬ್ರವರಿಗೆ ಮುಗಿಯುವುದರಿಂದ ಅವಳಿಗೂ ಫೆಬ್ರವರಿ ತನಕ ಮಾತ್ರ ಬಂತು. ಆಗುವುದಾದರೆ ಅಪ್ಪನ ರಿನ್ಯೂವಲ್ ಹೊತ್ತಿಗೇ ಮಗುವಿನದೂ ಬರುವ ಹಾಗೆ ಹೊಂದಿಸಿಕೊಳ್ಳಿ. ಪಾಸ್‌ಪೋರ್ಟಿನ ಅವಧಿ ದಾಟಿ ಕೊಡುವುದಿಲ್ಲ ಅನ್ನುವುದೂ ನೆನಪಿರಲಿ, ನಮ್ಮ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದು.

ಎಕ್ಸ್‌ಟೆನ್ಷನ್ ಆದ ದಿನವೇ, ಅದೇ ಕಚೇರಿಯಲ್ಲಿ, ರೀ-ಎಂಟ್ರಿ ಪರ್ಮಿಟ್ ತಗೊಳ್ಳಿ. ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲ ಬೇಕಾದರೂ ಹೋಗಿಬರಲು 3,800. ಇದಿಲ್ಲದೆ ದೇಶ ಬಿಟ್ಟರೆ ಎಕ್ಸ್‌ಟೆನ್ಷನ್ ಅಲ್ಲಿಗೇ ಮುಗಿಯುತ್ತದೆ. ಅಪ್ಪ ಅಮ್ಮನ ಪಾಸ್‌ಪೋರ್ಟಿನಲ್ಲಿ ಇದ್ದರೆ ಸಾಲದು, ಮಗುವಿನದಕ್ಕೆ ಬೇರೆಯಾಗಿ ಮಾಡಿಸಬೇಕು. ದಸರೆಗೋ ದೀಪಾವಳಿಗೋ ಊರಿಗೆ ಹೊರಡುವವರು ಟಿಕೆಟ್ ಬುಕ್ ಮಾಡುವ ಮೊದಲು ಮಗುವಿನ ಪಾಸ್‌ಪೋರ್ಟ್ ತೆರೆದು ಆ ಸ್ಟಾಂಪು ಇದೆಯಾ ನೋಡಿ.